ತಾತನ ಅಡಿ ಲೆಕ್ಕ

ಚಿನ್ನದ ರೇಟು ಏರಿದಾಗ್ಲೆಲ್ಲಾ ಆಫೀಸಲ್ಲಿ ಯಾರಾದ್ರೂ ಒಬ್ರು ನನ್ನ ಕಡೆ ತಿರುಗಿ "ನಿಮ್ಮೂರಲ್ಲೇ ಅಷ್ಟೊಂದು ಚಿನ್ನ ಇದ್ಯಲ್ಲ ಗುರೂ, ಗಣಿ ಮತ್ತೆ ಯಾಕೆ ಶುರು ಮಾಡಲ್ಲ" ಅಂತ ಕೇಳೇ ಕೇಳ್ತಾರೆ. ನಾನು ಕೆಜಿಎಫ್ ಕಡೆಯವ್ನು, ಅಷ್ಟಕ್ಕೇ ಗಣಿ ಓನರ್ ಥರ ಉತ್ತರ ಕೊಡೋ ಕರ್ಮ ನಂದು. ಮುಂಚೆ ಎಲ್ಲ ನಕ್ಕು ಸುಮ್ನಾಗ್ಬಿಡ್ತಿದ್ದೆ. ಈಗ ಹಾಗಿಲ್ಲ, ಯಾಕಂದ್ರೆ ಹೋದ ತಿಂಗ್ಳು ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡ್ತಾ ತಾತನ ನೋಟ್‌ಬುಕ್ ಸಿಕ್ತು.

ತಾತ ಗಣಿ ಒಳಗೆ ಸುರಂಗ ಹೊಡಿಯೋ ಗ್ಯಾಂಗಿಗೆ ಮೇಸ್ತ್ರಿ ಆಗಿದ್ರು. ಬೈಯೋದೆಲ್ಲಾ ತಮಿಳಲ್ಲಿ, ಬರೆಯೋದು ಮಾತ್ರ ಕನ್ನಡದಲ್ಲಿ. ನೋಟ್‌ಬುಕ್ ತುಂಬಾ ಒಂದೇ ಥರದ ಸಾಲು: ತಾರೀಖು, ಲೆವೆಲ್ (ಗಣಿ ಒಳಗಿನ ಅಂತಸ್ತು) ನಂಬರ್, ಆಮೇಲೆ "ತೂತು 28, ಮುಂದೆ 4 ಅಡಿ". ಮಾರನೇ ದಿನ "ತೂತು 28, ಮುಂದೆ ಮೂರೂವರೆ". ಇಷ್ಟೇ. ಅಷ್ಟೂ ಪುಟ ತಿರುವಿ ಹಾಕಿದೆ, ಚಿನ್ನ ಅನ್ನೋ ಪದ ಒಂದು ಕಡೆನೂ ಇಲ್ಲ.

ಯಾಕಿಲ್ಲ ಅಂದ್ರೆ ತಾತ ಕೊರೀತಿದ್ದಿದ್ದು ಬಹುಪಾಲು ಬರೀ ಕಲ್ಲನ್ನ. ಕೋಲಾರದ ಚಾಂಪಿಯನ್ ರೀಫ್ ಅನ್ನೋದು ನೆಲದೊಳಗೆ ಹಲಗೆ ನೆಟ್ಟಗೆ ನಿಲ್ಲಿಸಿದಂಗೆ ಇರೋ ಬೆಣಚು ಕಲ್ಲಿನ ಪಟ್ಟಿ, ಚಿನ್ನ ಇರೋದು ಇದ್ರಲ್ಲೇ, ಉದ್ದ ಕಿಲೋಮೀಟರ್‌ಗಟ್ಲೆ, ದಪ್ಪ ನೋಡಿದ್ರೆ ಸುಮಾರು ಕಡೆ ಒಂದು ಮೀಟರ್ ಆಸುಪಾಸು ಅಷ್ಟೇ. ಅದನ್ನ ಮುಟ್ಟಬೇಕು ಅಂದ್ರೆ ಪಕ್ಕದಲ್ಲಿ ಶಾಫ್ಟ್ ಅಂದ್ರೆ ಬಾವಿ ಥರದ ಆಳದ ಗುಂಡಿ ಇಳಿಸ್ಬೇಕು, ಪ್ರತಿ ಲೆವೆಲ್‌ನಲ್ಲೂ ಶಾಫ್ಟಿಂದ ಪಟ್ಟಿ ತನಕ ಅಡ್ಡಕ್ಕೆ ಕ್ರಾಸ್‌ಕಟ್ ಹೊಡೀಬೇಕು, ಅಲ್ಲಿಂದ ಪಟ್ಟಿ ಜೊತೆ ಎಡಕ್ಕೂ ಬಲಕ್ಕೂ ಡ್ರೈವ್ ಹೊಡೀಬೇಕು, ಅಷ್ಟಾದ್ಮೇಲೂ ಚಿನ್ನ ಪಟ್ಟಿ ತುಂಬಾ ಸಮ ಹರಡಿರಲ್ಲ, ಅಲ್ಲೊಂದು ಇಲ್ಲೊಂದು ತೇಪೆ ಥರ, ನಡುವೆ ನೂರಾರು ಅಡಿ ಬೋಳು. ಈ ಕೆಲಸಕ್ಕೆ ಗಣಿ ಭಾಷೇಲಿ ಡೆವಲಪ್‌ಮೆಂಟ್ ಅಂತಾರೆ, ಹೆಸರೇನೋ ಚೆನ್ನಾಗಿದೆ. ಇವತ್ತು ಹೊಡೆದ ಸುರಂಗದಿಂದ ಅದಿರು ಬರೋದು ವರ್ಷಗಳು ಕಳೆದ್ಮೇಲೆ, ಬರದೇನೂ ಇರ್ಬಹುದು. ಖರ್ಚು ಮಾತ್ರ ಇವತ್ತೇ.

ಒಂದು ಸಲಕ್ಕೆ ಎಷ್ಟು ಅಂತ ತಾತನ ನೋಟ್‌ಬುಕ್ಕಿಂದಾನೇ ಲೆಕ್ಕ ಹಾಕಿದೆ. 7 ಅಡಿ ಅಗಲ 8 ಅಡಿ ಎತ್ತರದ ಸುರಂಗ 4 ಅಡಿ ಮುಂದೆ ಹೋದ್ರೆ ಸುಮಾರು 18 ಟನ್ ಕಲ್ಲು ಬೀಳತ್ತೆ. ಕ್ರಾಸ್‌ಕಟ್ ಆದ್ರೆ ಅದ್ರಲ್ಲಿ ಚಿನ್ನ ಸೊನ್ನೆ. ಅಷ್ಟೂ ಅದಿರೇ ಅಂತಿಟ್ಕೊಂಡ್ರೂ, ಕೊನೆ ಕಾಲದಲ್ಲಿ ಟನ್ನಿಗೆ 3 ಗ್ರಾಂ ಹತ್ತತ್ರ ಬರ್ತಿತ್ತು, ಅಂದ್ರೆ 54 ಗ್ರಾಂ. ಶುರುವಿನ ದಿನಗಳಲ್ಲಿ ಟನ್ನಿಗೆ 40 ಗ್ರಾಂ ಮೇಲೆ ಸಿಕ್ತಿದ್ದ ಕಾಲ ಇತ್ತು, ಆಗ ಇದೇ 18 ಟನ್ನಲ್ಲಿ ಮುಕ್ಕಾಲು ಕೇಜಿ ಹತ್ರ. ಕಲ್ಲು ಅದೇ ಕಲ್ಲು, ತೂತು ಅವೇ 28.

ಆ 28 ತೂತಿನ ಕಥೆ ತಾತ ನಮ್ಗೆ ಚಿಕ್ಕೋರಿದ್ದಾಗ ಎಷ್ಟು ಸಲ ಹೇಳಿದ್ರೋ ಲೆಕ್ಕ ಇಲ್ಲ. ಡ್ರಿಲ್ ಮಷಿನ್‌ಗೆ ನೀರು ಕೊಟ್ಕೊಂಡು ಐದೈದು ಅಡಿ ತೂತು ಕೊರಿಯೋದು, ಮದ್ದು ತುಂಬೋದು, ಬತ್ತಿಗಳನ್ನ ಬೇರೆ ಬೇರೆ ಉದ್ದಕ್ಕೆ ಕತ್ತರಿಸೋದು, ಯಾಕಂದ್ರೆ ಮಧ್ಯದವು ಮೊದ್ಲು ಸಿಡಿದು ಜಾಗ ಮಾಡ್ಬೇಕು, ಆಮೇಲೆ ಸುತ್ತಲಿನವು. ಹಚ್ಚಿ ಎಲ್ಲಾರೂ ತಿರುವಿನ ಆಚೆ ಹೋಗಿ ಕೂತ್ಕೊಂಡು ಬಾಯ್ಬಿಟ್ಟು ಎಣಿಸೋದು. ಒಂದು, ಎರಡು, ಮೂರು. 28ಕ್ಕೆ 28 ಕೇಳಿಸ್ತು ಅಂದ್ರೆ ಬೀಡಿ. 27ಕ್ಕೇ ನಿಂತ್ರೆ ಮಾತೇ ಇಲ್ಲ, ಕೆಲವೊಮ್ಮೆ ಎರಡು ಒಟ್ಟಿಗೇ ಸಿಡಿದು ಒಂದೇ ಸದ್ದು ಬಂದಿರತ್ತೆ, ಕೆಲವೊಮ್ಮೆ ನಿಜವಾಗ್ಲೂ ಒಂದು ಮದ್ದು ಹಾಗೇ ಕಲ್ಲೊಳಗೆ ಕೂತಿರತ್ತೆ, ಮುಂದಿನ ಶಿಫ್ಟಿನವ್ನು ಗೊತ್ತಿಲ್ದೆ ಅದ್ರ ಮೇಲೇ ಡ್ರಿಲ್ ಇಟ್ರೆ ಮುಗೀತು. ಹೊಗೆ ಹೋದ್ಮೇಲೆ ಕಬ್ಬಿಣದ ಸಲಾಕೆಯಿಂದ ಮೇಲೆಲ್ಲಾ ತಟ್ಟಿ ನೋಡ್ಬೇಕು. ಸಂತೇಲಿ ಮಡಕೆ ತಟ್ಟಿ ನೋಡಲ್ವಾ ಹಂಗೆ, ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಬಿಟ್ಕೊಂಡಿದೆ ಅಂತ, ಅದನ್ನ ಕೆಡವಿಯೇ ಕೆಳಗೆ ಕಾಲಿಡ್ಬೇಕು. ತಾತ ಮನೇಲಿ ಗೋಡೆ ಪಕ್ಕ ಮಲಗೋ ಮುಂಚೆನೂ ಒಂದ್ಸಲ ಬೆರಳಲ್ಲಿ ತಟ್ಟೋರು, ಅಜ್ಜಿ ಬೈಯೋರು.

ಇದೆಲ್ಲಾ ಆಳಕ್ಕೆ ಹೋದಂಗೆ ದುಬಾರಿ ಆಗ್ತಾ ಹೋಗತ್ತೆ. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ತನಕ ಹೋಗಿತ್ತು. ತಳಕ್ಕೆ ಇಳಿಯೋದಕ್ಕೆ ಕೇಜ್ (ಗಣಿ ಲಿಫ್ಟು) ಮೇಲೆ ಕೇಜ್ ಬದಲಾಯಿಸ್ಬೇಕು, ಶಿಫ್ಟಲ್ಲಿ ಒಂದಷ್ಟು ಹೊತ್ತು ಬರೀ ಹೋಗಿ ಬರೋದ್ರಲ್ಲೇ ಮುಗಿಯತ್ತೆ, ಸಂಬಳ ಪೂರ್ತಿ ಕೊಡ್ಬೇಕು. ಅಷ್ಟು ಆಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟಿರತ್ತೆ, ಮೇಲಿಂದ ಕಳಿಸೋ ಗಾಳಿನೂ ಕೆಳಗೆ ಇಳೀತಾ ಇಳೀತಾ ಒತ್ತಡಕ್ಕೇ ಬಿಸಿ ಆಗತ್ತೆ, ಕಿಲೋಮೀಟರ್‌ಗೆ 10 ಡಿಗ್ರಿ ಹತ್ರ, ಹಾಗಾಗಿ ಗಾಳಿಯನ್ನೇ ತಣ್ಣಗೆ ಮಾಡಿ ಕಳಿಸ್ಬೇಕು. ಕರೆಂಟು, ಪಂಪು, ಫ್ಯಾನು ಒಂದೂ ನಿಲ್ಲಂಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರಕ್ಕೆ ತಂತಿ ಎಳೆದಿದ್ದು ಈ ಗಣಿಗೋಸ್ಕರಾನೇ, ಬೆಂಗಳೂರಿಗೆ ಬೀದಿ ದೀಪ ಬಂದಿದ್ದು ಆಮೇಲೆ 1905ಕ್ಕೆ. ನಮ್ಮೂರವ್ರು ಈ ಒಂದು ವಿಷ್ಯಕ್ಕೆ ಬೆಂಗಳೂರವ್ರ ಮುಂದೆ ಇವತ್ತಿಗೂ ಕಾಲರ್ ಎತ್ತುತ್ತಾರೆ.

ಆಮೇಲೆ ಕಲ್ಲು ಸಿಡಿಯೋದು. ಮೇಲಿನ ಭಾರಕ್ಕೆ ಸುರಂಗದ ಗೋಡೆನೇ ಬಾಂಬ್ ಥರ ಒಡೆದು ಬರೋದು, ಊರಲ್ಲಿ ಏರ್‌ಬ್ಲಾಸ್ಟ್ ಅಂತಾರೆ, ದೊಡ್ಡದಾದ್ರೆ ಮೇಲೆ ಮನೇಲಿ ಪಾತ್ರೆ ಅಲ್ಲಾಡೋದು, ಹೆಂಗಸರು ಶಾಫ್ಟ್ ಕಡೆ ಓಡೋರು. ಇದನ್ನ ತಡಿಯೋಕೆ ಅದಿರು ತೆಗೆದ ಜಾಗದಲ್ಲಿ ಗ್ರಾನೈಟ್ ಗೋಡೆ ಕಟ್ತಿದ್ರು. ಅಂದ್ರೆ ಕೆಳಗಿಂದ ಕಲ್ಲು ಮೇಲಕ್ಕೆ, ಮೇಲಿಂದ ಕಲ್ಲು ಕೆಳಕ್ಕೆ! ಎರಡಕ್ಕೂ ದುಡ್ಡು.

ದುಡ್ಡಲ್ಲಿ ಬರೆಯಕ್ಕಾಗದ ಲೆಕ್ಕನೂ ಇದೆ. ಡ್ರಿಲ್ಲಿಗೆ ನೀರು ಕೊಡೋದು ಬರೋಕೆ ಮುಂಚೆ ಒಣ ಕೊರೆತದ ಧೂಳು ನೇರ ಎದೆಗೇ ಹೋಗ್ತಿತ್ತು. ಆ ಧೂಳಿಂದ ಶ್ವಾಸಕೋಶಕ್ಕೆ ಬರೋ ಸಿಲಿಕೋಸಿಸ್ ಬಂದ್ರೆ ವಾಪಸ್ ಹೋಗೋ ಖಾಯಿಲೆ ಅಲ್ಲ. ನಮ್ಮ ತಾತ ಉಳ್ಕೊಂಡ್ರು, ಅದೃಷ್ಟ.

ಸರ್ಕಾರ ಗಣಿ ತಗೊಂಡ್ಮೇಲೆ ಇನ್ನೊಂದು ತಮಾಷೆ. ಇಲ್ಲಿ ತೆಗೆದ ಚಿನ್ನ ಅಂತರರಾಷ್ಟ್ರೀಯ ದರಕ್ಕೆ ಅಂದ್ರೆ ಔನ್ಸಿಗೆ 35 ಡಾಲರ್ ಲೆಕ್ಕದಲ್ಲಿ ಸರ್ಕಾರಕ್ಕೆ ಹೋಗ್ತಿತ್ತು. 1966ರಲ್ಲಿ ರೂಪಾಯಿ ಮೌಲ್ಯ ಇಳಿಸೋ ತನಕ ಅದು 10 ಗ್ರಾಮಿಗೆ 53 ರೂಪಾಯಿ 58 ಪೈಸೆ. ಪೇಟೇಲಿ ಸುಮಾರು ಅದ್ರ ಡಬಲ್ ಇತ್ತು. ಹಂಗಿದ್ದಾಗ ಪುಸ್ತಕದಲ್ಲಿ ನಷ್ಟ ಕಾಣದೆ ಇನ್ನೇನು ಕಾಣತ್ತೆ ಹೇಳಿ. ನಷ್ಟ ಬಂದ ಯಾವ್ದೇ ಗಣೀಲಿ ಮೊದಲು ಕತ್ತರಿ ಬೀಳೋದು ತಾತನಂಥವ್ರ ಕೆಲಸಕ್ಕೇ, ಯಾಕಂದ್ರೆ ಸುರಂಗ ನಿಲ್ಲಿಸಿದ್ರೆ ಈ ವರ್ಷದ ಚಿನ್ನ ಒಂದು ಗ್ರಾಮೂ ಕಮ್ಮಿ ಆಗಲ್ಲ. ಹೊಡೆತ ಬೀಳೋದು ನಾಲ್ಕೈದು ವರ್ಷ ಬಿಟ್ಟು, ಆಗ ತೆಗಿಯೋಕೆ ಮುಂದೆ ಜಾಗವೇ ರೆಡಿ ಇರಲ್ಲ.

2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ರು. ಪಂಪ್ ನಿಂತು ಸುರಂಗಗಳಿಗೆಲ್ಲಾ ನೀರು ತುಂಬ್ತು. ಈಗ ಯಾರಾದ್ರೂ ಕೆಜಿಎಫ್ ಮತ್ತೆ ಶುರು ಅಂದ್ರೆ ಮಾತು ಬರೋದು ಸೈನೈಡ್ ಗುಡ್ಡಗಳದ್ದು, ಅಂದ್ರೆ ಅದಿರಿಂದ ಚಿನ್ನ ತೆಗೆದ್ಮೇಲೆ ಉಳಿದ, ಟನ್ನಿಗೆ 1 ಗ್ರಾಮಿಗಿಂತ ಕಮ್ಮಿ ಚಿನ್ನ ಇರೋ ಆ ಬೂದು ಮಣ್ಣಿನ ರಾಶಿದು. ಅಷ್ಟು ಕಮ್ಮಿ ಇದ್ರೂ ಅದ್ರ ಮೇಲೇ ಯಾಕೆ ಕಣ್ಣು ಅಂತ ನಂಗೆ ಅರ್ಥ ಆಗಿದ್ದು ಈ ನೋಟ್‌ಬುಕ್ ನೋಡಿದ್ಮೇಲೆ. ಆ ಮಣ್ಣಿನ ಸುರಂಗದ ಖರ್ಚು ಆಗ್ಲೇ ಆಗೋಗಿದೆ. ತಾತನ ಗ್ಯಾಂಗ್ ಮತ್ತು ಅವ್ರಿಗಿಂತ ಮುಂಚಿನವ್ರು ಅದನ್ನ ಒಡೆದು ಮೇಲಕ್ಕೆ ಕಳಿಸಿ ಆಗಿದೆ, ಅರೆದು ಪುಡಿನೂ ಆಗಿದೆ.

ಕೊನೆ ಪುಟದಲ್ಲಿ ತಾತ ಕೂಡಿಸಿ ಬರೆದಿದ್ದಾರೆ, 11,340 ಅಡಿ. ಮೂರೂವರೆ ಕಿಲೋಮೀಟರ್ ಹತ್ತತ್ರ, ನಾಲ್ಕು ನಾಲ್ಕು ಅಡಿ ಹೋಗಿ. ಒಂದೇ ಒಂದು ವಿಷ್ಯ ಬಗೆಹರೀತಿಲ್ಲ. ಕೆಲವು ಸಾಲಲ್ಲಿ 28 ಅನ್ನೋದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದಾರೆ, ಎಣಿಸಿದೆ, 41 ಇವೆ. ಅಮ್ಮ ಪಾಳಿ ಬದಲಾದ ದಿನ ಇರ್ಬೇಕು ಅಂತಾಳೆ. ನಂಗನ್ಸೋದು, ಅವು 27ಕ್ಕೆ ನಿಂತ ದಿನಗಳು.