ಕೈಪಟ್ಟಿ, ಮೊಸಳೆ ಮತ್ತು ಒಂದು ಗರಟೆ

ಹೋಟೆಲಿನವರು ಮೊದಲು ಮಾಡಿದ್ದು ನಮ್ಮೆಲ್ಲರ ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುವ ಕೆಲಸ. ಅದಿದ್ದರೆ ಊಟ, ತಿಂಡಿ, ಪಾನೀಯ ಯಾವುದಕ್ಕೂ ದುಡ್ಡು ಕೇಳುವವರಿಲ್ಲ. ಹೊನ್ನಾವರದಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಆಸ್ಪತ್ರೆಗೆ ಸೇರಿಸಿದ ಹಾಗಾಯಿತಲ್ಲ ತಂಗೀ” ಎಂದರು.

ನವೆಂಬರ್ ಕೊನೆಯ ರಜೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ, ಹಾಗಾಗಿ ಕ್ಯಾಲಿಫೋರ್ನಿಯಾದಿಂದ ಪುಯೆರ್ತೊ ವಯಾರ್ತಾಕ್ಕೆ ಹೊರಟೆವು. ಮಕ್ಕಳಿಗೆ ಈಜುಕೊಳ, ನಮಗೆ ಕಡಲು, ಅತ್ತೆಯ ಮಂಡಿಗೆ ವಿಶ್ರಾಂತಿ ಎಂಬುದು ಯಜಮಾನರ ಲೆಕ್ಕ. ಹೋಟೆಲಿನ ಒಂದು ಕಡೆ ಬಾಂದೆರಾಸ್ ಕೊಲ್ಲಿ, ಇನ್ನೊಂದು ಕಡೆ ಮರೀನಾ. ಅಲ್ಲಿ ಸಾಲಾಗಿ ಕಟ್ಟಿದ ಬಿಳಿಯ ದೋಣಿಗಳು, ಮೀನು ಹಸನು ಮಾಡುವ ಮೇಜಿನ ಪಕ್ಕ ತುಣುಕಿಗಾಗಿ ಕಾದು ಕುಳಿತ ಪೆಲಿಕನ್‌ಗಳು. ಒಳಗಿನ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎಲ್ಲವೂ ಚೆನ್ನಾಗಿತ್ತು, ಯಾವ ದೇಶದಲ್ಲಿದ್ದೇವೆ ಎಂಬುದೇ ಮರೆತುಹೋಗುವಷ್ಟು ಚೆನ್ನಾಗಿತ್ತು. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು: ಅರೆದ ಹುರುಳಿಕಾಳಿನಂತೆ ಕಾಣುವ ಬೀನ್ಸ್ ಪಲ್ಯಕ್ಕೆ ಅಲ್ಲಿ ಹಂದಿಯ ಕೊಬ್ಬು ಹಾಕುವುದುಂಟು, ಕೇಳಿಯೇ ಬಡಿಸಿಕೊಳ್ಳಬೇಕು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ತಟ್ಟಿದ ಬಿಸಿ ತೋರ್ತಿಯಾ ಸಿಕ್ಕಿದ ಮೇಲೆ ಅತ್ತೆ ಬಫೆಯ ಉಳಿದ ಮೇಜುಗಳತ್ತ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಗ್ಗೆ ನೀರಿನಂಚಿನಲ್ಲಿ ಹಳದಿ ಬೋರ್ಡೊಂದು ಕಂಡಿತು. ಬಾಯಿ ತೆರೆದ ಮೊಸಳೆಯ ಚಿತ್ರ. ಮಕ್ಕಳಿಗೆ ಹಬ್ಬ, ನನಗೆ ಎದೆ ಧಸಕ್ಕೆಂದಿತು. ತೋಟದ ಕೆಲಸದವನು ನಗುತ್ತ, ಅದು ಅಲಂಕಾರಕ್ಕೆ ನೆಟ್ಟದ್ದಲ್ಲ ಎಂದ. ಮರೀನಾ ಎದ್ದಿರುವುದೇ ಎಲ್ ಸಲಾದೊ ಎಂಬ ಅಳಿವೆಯ ಬದಿಯಲ್ಲಿ. ಒಂದು ಕಾಲಕ್ಕೆ ಈ ಭಾಗವೆಲ್ಲ ಜೌಗು ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಹೂಳೆತ್ತಿ, ದಡ ಕಟ್ಟಿ, ಬಂದರು ಮತ್ತು ಹೋಟೆಲುಗಳು ಬಂದವು. ಅಳಿದುಳಿದ ಕಾಂಡ್ಲಾ ಈಗ ಊರಿನ ನಡುವೆಯೇ ಸಂರಕ್ಷಿತ ಪ್ರದೇಶ. ಅಲ್ಲಿನ ಮೊಸಳೆಗಳಿಗೆ ಉಪ್ಪುನೀರೂ ಒಗ್ಗುತ್ತದೆ. ಆದ್ದರಿಂದ ಅವು ಅಳಿವೆಯಿಂದ ಕಡಲಿಗೆ, ಕಡಲಿನಿಂದ ಮರೀನಾಕ್ಕೆ ತಮ್ಮ ಹಳೆಯ ದಾರಿಯಲ್ಲೇ ಓಡಾಡುತ್ತವೆ. ದಡಕ್ಕೆ ಬೇಲಿ ಹಾಕಿ ಬಾಡಿಗೆ ವಸೂಲು ಮಾಡುವವರಿಗೆ ನೀರಿಗೆ ಬೇಲಿ ಹಾಕಲು ಆಗಿಲ್ಲ. ನನಗೆ ಹೋಟೆಲಿನ ಮೇಲೆ ಪ್ರೀತಿ ಹುಟ್ಟಿದ್ದು ಆ ಬೋರ್ಡು ನೋಡಿದ ಮೇಲೆಯೇ.

ಸಂಜೆ ಬಸ್ಸು ಹಿಡಿದು ಊರೊಳಗಿನ ಮಲೆಕಾನ್ ಎಂಬ ಕಡಲ ದಂಡೆಯ ರಸ್ತೆಗೆ ಹೋದೆವು. “ಎಲ್ಲವೂ ಪುಕ್ಕಟೆ ಇರುವಾಗ ಹೊರಗೇಕೆ?” ಎಂದು ಯಜಮಾನರು ಗೊಣಗಿದರು. ಅಲ್ಲಿ ಒಬ್ಬ ಮುದುಕ ದೊಡ್ಡ ಸೋರೆಬುರುಡೆಯಿಂದ ಮಾಸಲು ಬಿಳಿಯ ಪಾನೀಯ ಬಗ್ಗಿಸಿ, ಮೇಲೆ ಹೆಚ್ಚಿದ ಸೇಬು ಮತ್ತು ಕಡಲೆಕಾಯಿ ಉದುರಿಸಿ ಮಾರುತ್ತಿದ್ದ. ಹೆಸರು ತುಬಾ. ಅತ್ತೆ ಒಂದು ಗುಟುಕು ಕುಡಿದವರೇ, “ಇದು ತೆಂಗಿನ ನೀರಾ. ಸ್ವಲ್ಪ ಹುಳಿ ಬಂದಿದೆ” ಎಂದು ತೀರ್ಪು ಕೊಟ್ಟರು. ನಿಜವೇ. 1565ರಿಂದ 1815ರವರೆಗೆ ಫಿಲಿಪೀನ್ಸಿನ ಮನಿಲಾ ಮತ್ತು ಮೆಕ್ಸಿಕೊದ ಅಕಾಪುಲ್ಕೊ ನಡುವೆ ಸ್ಪೇನಿನ ಹಡಗುಗಳು ಓಡಾಡಿದವು. ತೆಂಗಿನ ಹೊಂಬಾಳೆ ಕೊಯ್ದು ರಸ ಇಳಿಸುವ ವಿದ್ಯೆಯನ್ನು ಈ ಕರಾವಳಿಗೆ ತಂದವರು ಅವುಗಳಲ್ಲಿ ಬಂದ ಫಿಲಿಪೀನ್ಸಿನ ಜನ. ಅತ್ತೆ ಎರಡನೇ ಲೋಟ ಕೇಳಿದರು. ಇಲ್ಲಿ ಮಾತ್ರ ದುಡ್ಡು ಕೊಡಬೇಕಾಯಿತು, ಕೈಪಟ್ಟಿ ನಡೆಯಲಿಲ್ಲ.

ಹೋಟೆಲಿನ ಮರಳಿನಲ್ಲೇ ಒಂದು ಮೂಲೆಗೆ ಬೇಲಿ ಕಟ್ಟಿ ಕಡಲಾಮೆಯ ಮೊಟ್ಟೆಗಳನ್ನು ಕಾಯುತ್ತಾರೆ. ಆಲಿವ್ ರಿಡ್ಲೆ, ನಮ್ಮ ಹೊನ್ನಾವರದ ಹತ್ತಿರದ ಕಾಸರಕೋಡಿನ ಟೊಂಕದ ದಂಡೆಗೆ ಮೊಟ್ಟೆ ಇಡಲು ಬರುವ ಜಾತಿಯೇ. ಮೆಕ್ಸಿಕೊದಲ್ಲಿ ಇವನ್ನು ಚರ್ಮ, ಮಾಂಸಕ್ಕಾಗಿ ರಾಶಿರಾಶಿ ಕೊಲ್ಲುತ್ತಿದ್ದರು, 1990ರಲ್ಲಿ ಸರಕಾರ ಪೂರ್ತಿ ನಿಷೇಧಿಸಿತು. ಕೊನೆಯ ಸಂಜೆ ಹೊತ್ತು ಮುಳುಗಿ ಹಕ್ಕಿಗಳ ಕಾಟ ಕಡಿಮೆಯಾದ ಮೇಲೆ ಮರಿಗಳನ್ನು ಬಿಡುವುದಿತ್ತು. ಕೈಗೆ ಹಚ್ಚಿದ ಸನ್‌ಸ್ಕ್ರೀನ್ ಮರಿಗೆ ತಾಗಬಾರದೆಂದು ಒಬ್ಬೊಬ್ಬರಿಗೂ ಒಂದು ತೆಂಗಿನ ಗರಟೆ ಕೊಟ್ಟು, ಅದರಲ್ಲಿ ಒಂದೊಂದು ಮರಿ ಇಟ್ಟರು. ಬೂದುಗಪ್ಪು ಬಣ್ಣ, ಹೆಬ್ಬೆರಳಿಗಿಂತ ತುಸು ದೊಡ್ಡದು. ನಾಲ್ಕು ರೆಕ್ಕೆಗಾಲುಗಳಿಂದ ಗರಟೆಯ ಗೋಡೆಯನ್ನು ಕೆರೆಯುವ ಸದ್ದು ಬೆರಳಿಗೇ ತಿಳಿಯುತ್ತಿತ್ತು. ನೀರಿನಿಂದ ಕೆಲವು ಮೀಟರ್ ಹಿಂದೆ ಗೆರೆ ಎಳೆದಿದ್ದರು. ಅಲ್ಲಿಂದ ಅವೇ ನಡೆದು ಹೋಗಬೇಕು. ಕೆಲವು ನೆಟ್ಟಗೆ ಹೋದವು, ಕೆಲವು ಹೆಜ್ಜೆಯ ಗುಂಡಿಗೆ ಬಿದ್ದು ಒದ್ದಾಡಿದವು, ಅತ್ತೆಯದು ಅಲೆಗೆ ಸಿಕ್ಕಿ ಮತ್ತೆ ಅವರ ಕಾಲಬುಡಕ್ಕೇ ಬಂತು.

ಸಾವಿರಕ್ಕೆ ಒಂದು ಮರಿ ಬದುಕಿದರೆ ಹೆಚ್ಚು ಎಂದು ಅಲ್ಲಿನವರು ಹೇಳಿದ್ದನ್ನು ಮಗ ಕೇಳಿಸಿಕೊಂಡಿದ್ದ.

“ಅಜ್ಜಿ, ಇಲ್ಲಿ ನೂರೂ ಇಲ್ಲ. ಹಾಗಾದರೆ ನಿನ್ನದು ಬದುಕುವುದಿಲ್ಲ.”

“ನನ್ನದು ಹೊನ್ನಾವರಕ್ಕೆ ಹೊರಟಿದೆ” ಎಂದರು ಅತ್ತೆ, ಸೀರೆಯ ನೆರಿಗೆ ಎತ್ತಿ ಹಿಡಿದು. “ನಿನ್ನದು ಇನ್ನೂ ಗುಂಡಿಯಲ್ಲಿದೆ. ಮೊದಲು ಅದನ್ನು ನೋಡಿಕೊ.”