ಬೋರ್ಡಿನ ಮೂಲೆ ನೋಡಿ
ಕಲಬುರಗಿಯ ಕಪಡಾ ಬಜಾರಿನಲ್ಲಿ ಹಳೆ ಬೋರ್ಡು ಓದಬೇಕೆಂದರೆ ಅಂಗಡಿ ತೆರೆಯುವ ಮೊದಲೇ ಹೋಗಬೇಕು. ಮೊನ್ನೆ ಭಾನುವಾರ ಏಳೂವರೆಗೇ ಹೋಗಿದ್ದೆವು. ಆಗ ಶಟರ್ ಇಳಿದಿರುತ್ತವೆ, ತೂಗುಹಾಕಿದ ಸೀರೆ ಅಡ್ಡ ಬರುವುದಿಲ್ಲ, ಎಳೆಬಿಸಿಲು ಗೋಡೆಗೆ ಓರೆಯಾಗಿ ಬೀಳುತ್ತದೆ. ಸುಣ್ಣದಡಿಯ ಅಕ್ಷರದ ಅಂಚು ಎದ್ದು ಕಾಣುವುದು ಆ ಬೆಳಕಿನಲ್ಲೇ. ಬಿಸಿಲು ನೆತ್ತಿಗೇರಿದರೆ ಮುಗೀತು.

ಬೋರ್ಡು ಯಾವ ಕಾಲದ್ದೆಂದು ತಿಳಿಯಲು ದೊಡ್ಡಕ್ಷರದ ಹೆಸರನ್ನು ನಂಬಬೇಡಿ, ಅದಕ್ಕೆ ಮತ್ತೆ ಮತ್ತೆ ಬಣ್ಣ ಬೀಳುತ್ತದೆ. ಕೆಳಗಿನ ಮೂಲೆಯನ್ನು ಸಾಮಾನ್ಯವಾಗಿ ಯಾರೂ ಮುಟ್ಟಿರುವುದಿಲ್ಲ. ಒಂದು ತಗಡಿನ ಬೋರ್ಡಿನ ಮೂಲೆಯಲ್ಲಿ 'ಕೆ.ಎಸ್.ಟಿ. ನಂ.' (ಕರ್ನಾಟಕ ಮಾರಾಟ ತೆರಿಗೆ ನಂಬರ್) ಅಂತಿತ್ತು, ಅಂಕಿಗಳನ್ನು ತುಕ್ಕು ತಿಂದಿತ್ತು. ಅಷ್ಟೇ ಸಾಕು, ಬರಹ ವ್ಯಾಟ್‌ಗಿಂತ ಹಿಂದಿನದು. 2005ರ ಏಪ್ರಿಲ್‌ನಲ್ಲಿ ಆ ತೆರಿಗೆಯ ಜಾಗಕ್ಕೆ ಬಂದ ವ್ಯಾಟ್ ಜೊತೆ ಹನ್ನೊಂದು ಅಂಕಿಯ ಟಿನ್ (ವ್ಯಾಪಾರಿಯ ತೆರಿಗೆ ಗುರುತಿನ ಸಂಖ್ಯೆ) ಬಂತು, 2017ರ ಜುಲೈನಲ್ಲಿ ಹದಿನೈದರ ಜಿಎಸ್‌ಟಿ ನಂಬರ್. ಎರಡೂ 29ರಿಂದಲೇ ಶುರುವಾಗುವುದರಿಂದ ಕೊನೆವರೆಗೂ ಎಣಿಸಬೇಕು. 585101 ಎಂದು ಪಿನ್‌ಕೋಡ್ ಇದ್ದರೆ ಬರಹ 1972ಕ್ಕಿಂತ ಹಿಂದಿನದಲ್ಲ. 'ಮೈಸೂರು ರಾಜ್ಯ' ಎಂದಿದ್ದರೆ 1956ರಿಂದ 1973ರೊಳಗಿನದು. ಮೋಸ ಮಾಡುವುದು ಊರಿನ ಹೆಸರು: 2014ರ ನವೆಂಬರ್ 1ಕ್ಕೆ ಕಲಬುರಗಿ ಅಧಿಕೃತವಾದರೂ 'ಗುಲ್ಬರ್ಗಾ' ಅಂತ ಬರೆಸುವವರು ಆಮೇಲೂ ಇದ್ದಾರೆ. ಉರ್ದು ಕಂಡಕೂಡಲೇ ನಿಜಾಮರ ಕಾಲದ್ದು ಅನ್ನುವುದೂ ಅವಸರವೇ, ಇಲ್ಲಿ ಉರ್ದು ಬೋರ್ಡು ಇವತ್ತಿಗೂ ಬರೆಯುತ್ತಾರೆ.

ಬ್ಯಾಂಕಿನ ಬೋರ್ಡಿನಲ್ಲಿ ಪದಗಳ ಕ್ರಮ ನೋಡಿ. 1941ರಲ್ಲಿ ಹುಟ್ಟಿದ್ದು 'ಹೈದರಾಬಾದ್ ಸ್ಟೇಟ್ ಬ್ಯಾಂಕ್', ನಿಜಾಮರ ಉಸ್ಮಾನಿಯಾ ಸಿಕ್ಕಾ ಎಂಬ ಹಣದ ವ್ಯವಹಾರ ಅದರದ್ದೇ. 'ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್' ಆದದ್ದು 1956ರಲ್ಲಿ. 2017ರ ಏಪ್ರಿಲ್ 1ಕ್ಕೆ ಎಸ್‌ಬಿಐನಲ್ಲಿ ವಿಲೀನವಾಯಿತು. ಆದರೂ ಆಟೋದಲ್ಲಿ 'ಎಸ್‌ಬಿಎಚ್ ಬಲ್ಲಿ ನಿಂದ್ರಸ್ರಿ' ಅನ್ನುವವರು ಇದ್ದೇ ಇದ್ದಾರೆ. ಹಳೆ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ 'ಎಸ್‌ಬಿಎಚ್‌ವೈ' ಎಂದು ಶುರುವಾಗುತ್ತದೆ, ಅದನ್ನು ಬೋರ್ಡಿನ ಜೊತೆ ತಾಳೆ ನೋಡಬಹುದು.

ಮಾಸಿದ ಗೋಡೆಬರಹಕ್ಕೆ ಒಂದು ಉಪಾಯವಿದೆ. ಮೊದಲು ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಇಸ್ತ್ರಿಯವರ ಸ್ಪ್ರೇ ಬಾಟಲಿಯಿಂದ ನೀರು ಮಂಜಿನಂತೆ ಬೀಳಿಸಬೇಕು. ಸುಣ್ಣ ನೀರು ಹೀರಿ ಕಪ್ಪಾಗುತ್ತದೆ, ಎಣ್ಣೆಬಣ್ಣ ಹೀರುವುದಿಲ್ಲ, ಅಕ್ಷರ ಬಿಡಿಸಿಕೊಂಡು ಮೇಲೇಳುತ್ತದೆ. ಧೂಳು ತೆಗೆಯದಿದ್ದರೆ ಕೆಸರು ಗೆರೆಗೆರೆಯಾಗಿ ಇಳಿಯುತ್ತದೆ. ಅಗ್ಗದ ಡಿಸ್ಟೆಂಪರ್ ಗೋಡೆಗಂತೂ ನೀರು ಬೇಡವೇ ಬೇಡ, ಬಣ್ಣವೇ ಕರಗಿ ಬರುತ್ತದೆ. ಮೂಲೆಯಲ್ಲಿ ಒಂದು ಸಲ ಒದ್ದೆ ಬೆರಳೊತ್ತಿ ನೋಡಿ: ಬೆರಳಿಗೆ ಬಣ್ಣ ಹತ್ತಿದರೆ ಬಾಟಲಿ ಒಳಗಿಡಿ.

ಫೋಟೋಕ್ಕೆ ಫ್ಲ್ಯಾಶ್ ಬೇಡ, ಎನಾಮಲ್ ಹೊಳೆದು ಅಕ್ಷರ ಮುಳುಗುತ್ತದೆ. ಮೊದಲು ಇಡೀ ಅಂಗಡಿ, ಆಮೇಲೆ ಬೋರ್ಡು, ಕೊನೆಗೆ ಮೂಲೆ. ಮತ್ತೆ, ತೆಗೆಯುವ ಮೊದಲು ಮಾಲೀಕರಿಗೆ ಒಂದು ಮಾತು ಹೇಳಿ. ಇಲ್ಲದಿದ್ದರೆ ಮಹಾನಗರಪಾಲಿಕೆಯವರು ಬಂದರೆಂದು ಗಾಬರಿಯಾಗುತ್ತಾರೆ.