ಸೋರಾಕತ್ತಿಲ್ರಿ, ಕುಡ್ಯಾಕತ್ತೈತಿ

ಸೋಮವಾರದಿಂದ ಒಂದು ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಹೇಳಿದವರು ನಮ್ಮ ಹಿತ್ತಲಿನ ಹೊಂಡ ರಿಪೇರಿಗೆ ಬಂದಿದ್ದ ಗೌಂಡಿ ಕಾಕಾ. ಖಾಲಿ ಹೊಂಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂಲೆಯ ಶಹಾಬಾದ್ ಪರಸಿ ಕಲ್ಲೊಂದನ್ನು ಹಾರೆಯಿಂದ ಎಬ್ಬಿಸಿ, ಅದರ ಹಿಂದೆ ಕೈ ಹಾಕಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಸೋರಾಕತ್ತಿಲ್ರಿ ಅಕ್ಕಾರ, ಕುಡ್ಯಾಕತ್ತೈತಿ" ಅಂದರು.

ಹೊಂಡ ಅಂದರೆ ದೊಡ್ಡದೇನಲ್ಲ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಎರಡೂವರೆ ಅಡಿ ಆಳ. ಅಪ್ಪ ಕಟ್ಟಿಸಿದ್ದು. ಕೊಪ್ಪಳದ ಬಿಸಿಲಲ್ಲಿ ತಾವರೆ ಬೆಳೆಸ್ತೀನಿ ಅಂತ ಹಟ ಹಿಡಿದು ಬೆಳೆಸಿದ್ದರು ಕೂಡ. ಅವರು ಹೋದ ಮೇಲೆ ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಬೇವಿನ ಎಲೆ ಬಿದ್ದು ಕೊಳೆತು ಹೂಳಾಯಿತು. ಮಳೆಗಾಲದಲ್ಲಿ ನಿಂತ ನೀರಲ್ಲಿ ಸೊಳ್ಳೆಮರಿ. ಮನೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ತೋರಿಸಿದಾಗ ನನಗೆ ತಲೆ ತಗ್ಗಿಸುವಂತಾಗಿತ್ತು. ಮೊಟ್ಟೆ ಇಟ್ಟ ವಾರ, ಹತ್ತು ದಿನಕ್ಕೆ ಅದು ಹಾರುವ ಸೊಳ್ಳೆ. "ಒಣಗಸ್ರಿ, ಇಲ್ಲಾಂದ್ರ ಸೊಳ್ಳೆಮರಿ ತಿನ್ನೋ ಗಪ್ಪಿ ಮೀನು ಬಿಡ್ರಿ" ಅಂದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ.

ತಮ್ಮ ಹುಬ್ಬಳ್ಳಿಯಿಂದ ಫೋನಲ್ಲಿ, "ಮುಚ್ಚಿಬಿಡಕ್ಕ, ಕಾರ್ ನಿಲ್ಲಿಸಾಕ ಜಾಗ ಆಗ್ತೈತಿ" ಅಂದ. ಅವನು ಕೆಟ್ಟವನಲ್ಲ. ಆದರೆ ವರ್ಷಕ್ಕೆ ಮೂರು ಸಲ ಬರುವ ಕಾರಿಗಾಗಿ ಅಪ್ಪನ ಹೊಂಡ ಮುಚ್ಚು ಅಂತ ಅಷ್ಟು ಸಲೀಸಾಗಿ ಹೇಳಿಬಿಟ್ಟನಲ್ಲ, ಅದು ನನಗೆ ಇನ್ನೂ ನೋವು.

ಅವ್ವ ಮಾತ್ರ "ನೀರು ತುಂಬಸೋಣ" ಅಂದಳು. ಅಷ್ಟೇ ಅಂದಿದ್ದು.

ಹೋದ ತಿಂಗಳು ಹೂಳು ತೆಗೆಸಿದೆವು. ಹನ್ನೆರಡು ಬುಟ್ಟಿ ಬಂತು. ಕಪ್ಪಗೆ, ಕೈಗೆ ಬೆಣ್ಣೆಯ ಹಾಗೆ ಹತ್ತುವ ಮಣ್ಣು. ಕರಿಬೇವಿನ ಬುಡಕ್ಕೆ, ಮಲ್ಲಿಗೆ ಬಳ್ಳಿಗೆ ಹಾಕಿದೆವು. ತುಂಗಭದ್ರಾ ಜಲಾಶಯಕ್ಕೆ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105 ಚಿಲ್ಲರೆ ಅಂತ ಓದಿದಾಗೆಲ್ಲ ಬರೀ ಅಂಕಿ ಅನಿಸುತ್ತಿತ್ತು. ಆ ಬುಟ್ಟಿಗಳನ್ನು ಹೊತ್ತ ದಿನ ಅದರ ಭಾರ ಗೊತ್ತಾಯಿತು. 2019ರಲ್ಲಿ ಗವಿಮಠದ ಸ್ವಾಮೀಜಿ ಊರವರನ್ನು ಕಟ್ಟಿಕೊಂಡು ಹಿರೇಹಳ್ಳ ಸ್ವಚ್ಛ ಮಾಡಲು ಇಳಿದಾಗ ನಾನು ದಂಡೆಯಲ್ಲಿ ನಿಂತು ನೋಡಿ ಬಂದಿದ್ದೆ. ಅವತ್ತೇ ಒಂದು ಬುಟ್ಟಿ ಹೊರಬೇಕಿತ್ತು.

ಹೂಳು ತೆಗೆದು ನೀರು ತುಂಬಿಸಿದರೆ, ನಿಲ್ಲಲೇ ಇಲ್ಲ. ಬಿಸಿಲಿಗೆ ಆರುತ್ತಿದೆಯೋ, ಸೋರುತ್ತಿದೆಯೋ? ಒಂದು ಬಕೆಟ್ ತುಂಬ ನೀರು ಹೊಂಡದ ಪಕ್ಕದಲ್ಲೇ ಇಟ್ಟೆ. ಎರಡಕ್ಕೂ ಸೀಮೆಸುಣ್ಣದ ಗುರುತು ಹಾಕಿ ಮರುದಿನ ಅದೇ ಹೊತ್ತಿಗೆ ಅಳೆದೆ. ಬಕೆಟ್ಟಿನಲ್ಲಿ ಒಂದು ಸೆಂಟಿಮೀಟರ್ ಇಳಿದಿತ್ತು, ಹೊಂಡದಲ್ಲಿ ಮೂರೂವರೆ. ಬಕೆಟ್ಟಿನದು ಬಿಸಿಲಿನ ಪಾಲು. ಉಳಿದ ಎರಡೂವರೆ ಸೆಂಟಿಮೀಟರ್ ಎಲ್ಲೋ ಹೋಗುತ್ತಿದೆ. ಲೆಕ್ಕ ಹಾಕಿದರೆ ದಿನಕ್ಕೆ ನೂರು ಲೀಟರಿಗಿಂತ ಜಾಸ್ತಿ. ನಳದ ನೀರಿಗೆ ಕಾದು ಕೂರುವ ಊರಲ್ಲಿ ನೂರು ಲೀಟರ್ ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಮೊದಲು ಬಂದ ಗುತ್ತಿಗೆದಾರ ಹೊಂಡಕ್ಕೆ ಇಳಿಯಲೇ ಇಲ್ಲ. ಮೇಲಿಂದಲೇ ನೋಡಿ, ಎಲ್ಲ ಕಿತ್ತು ಟೈಲ್ಸ್ ಹಾಕಬೇಕು ಅಂತ ರೇಟು ಹೇಳಿ ಹೋದ. ಕೆಲಸದ ಜಾಗಕ್ಕೆ ಇಳಿಯದವರ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಕಾಕಾ ಇಳಿದರು. ಪರಸಿ ಎಬ್ಬಿಸಿದರು. ಆಮೇಲೆ ಆ ಮಾತು.

ನಾನೂ ಇಳಿದು ಬಗ್ಗಿ ನೋಡಿದೆ. ಕಲ್ಲಿನ ಹಿಂದೆ ಗಾರೆ ಬಿರುಕು ಬಿಟ್ಟಿತ್ತು. ಆ ಬಿರುಕಿನ ತುಂಬ ಬೇರು. ಜಡೆ ಬಿಚ್ಚಿ ಹರಡಿದಂತೆ, ಕೂದಲಿಗಿಂತ ಸ್ವಲ್ಪ ದಪ್ಪ, ಕೆಂಪು ಮಿಶ್ರಿತ ಕಂದು ಬಣ್ಣ. ಬೆರಳಿಟ್ಟರೆ ತಣ್ಣಗಿತ್ತು, ಒದ್ದೆ ಇತ್ತು. ಗೋಡೆಯಾಚೆ ನಮ್ಮ ಬೇವಿನ ಮರ. ಮೇ ತಿಂಗಳಲ್ಲೂ ಓಣಿಗೆಲ್ಲ ನೆರಳು ಕೊಡುವ ಮರ. ಇಷ್ಟು ಬಿಸಿಲಲ್ಲಿ ಅಷ್ಟು ಹಸಿರಾಗಿ ಇದು ಹೇಗಿದೆ ಅಂತ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಸೋರುವುದು, ಕುಡಿಯುವುದು. ನೀರು ಅದೇ, ಬಿರುಕೂ ಅದೇ. ನಾನು ಹೊಂಡದ ಕಡೆ ನಿಂತು ಕಳೆದುಹೋಯ್ತು ಅಂತ ಲೆಕ್ಕ ಬರೆದೆ. ಕಾಕಾ ಮರದ ಕಡೆಯಿಂದ ನೋಡಿದರು. ರಾತ್ರಿ ಮಲಗಿದಾಗ ಬೇರೆ ಬೇರೆ ಲೆಕ್ಕಗಳೆಲ್ಲ ನೆನಪಾದವು. ಅವ್ವ ಡಬ್ಬಿಯಿಂದ ಓಣಿಯವರಿಗೆ ಕೊಟ್ಟ ಜೋಳದ ಹಿಟ್ಟು, ಅಪ್ಪ ಕೈಸಾಲ ಕೊಟ್ಟು ವಾಪಸ್ ಕೇಳದ ದುಡ್ಡು. ಮನೆಯಲ್ಲಿ ಎಲ್ಲ ಸೋರಿ ಹೋಗ್ತಿದೆ ಅಂತ ನಾನು ಅವರಿಬ್ಬರ ಜೊತೆ ಎಷ್ಟು ಜಗಳ ಆಡಿದ್ದೆ. ಅಪ್ಪನ ಹತ್ತಿರ ಈಗ ಹೇಳಲಿಕ್ಕೂ ಆಗುವುದಿಲ್ಲ.

ಆದರೂ ಬಿರುಕು ಮುಚ್ಚಲೇಬೇಕಿತ್ತು. ಹಾಗೇ ಬಿಟ್ಟರೆ ಬೇರು ದಪ್ಪವಾಗಿ ಗೋಡೆಯನ್ನೇ ಸೀಳುತ್ತೆ. ಕಾಕಾ ಒಳಗೆ ಬಂದಿದ್ದ ಸಣ್ಣ ಬೇರನ್ನಷ್ಟೇ ಕತ್ತರಿಸಿದರು, ದಪ್ಪ ಬೇರಿಗೆ ಕೈ ಹಚ್ಚಲಿಲ್ಲ. ಸಿಮೆಂಟ್ ಹಚ್ಚಿ ಪರಸಿ ಕೂರಿಸಿದರು. "ಮೀನು ಈಗಲೇ ಬಿಡಬ್ಯಾಡ್ರಿ. ಹೊಸಾ ಸಿಮೆಂಟಿನ ಖಾರ ಬಿಡೋತನಕ ಎರಡು ಮೂರು ಸಲ ನೀರು ತುಂಬಿ ಚೆಲ್ರಿ" ಅಂದರು. ಅದಕ್ಕೆ ಮೂರು ವಾರ ಬೇಕು. ನಳದ ನೀರನ್ನೂ ಎರಡು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಮೀನು ಬಿಡಬೇಕು, ಕ್ಲೋರಿನ್ ಇರುತ್ತೆ.

ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಹಂಗಾರ ಇನ್ಮ್ಯಾಲ ಮರ ಏನ್ ಕುಡೀಬೇಕು?"

ಕಾಕಾ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ.

ಇವತ್ತು ಬೆಳಗ್ಗೆ ಎದ್ದು ಹಿತ್ತಲಿಗೆ ಹೋದರೆ, ಚಹಾಕ್ಕೂ ಮುಂಚೆ ಅವ್ವ ಡ್ರಮ್ಮಿನಿಂದ ಕೊಡ ತುಂಬಿಕೊಂಡು ಬೇವಿನ ಬುಡಕ್ಕೆ ಹಾಕುತ್ತಿದ್ದಳು. ಅದು ನಾಲ್ಕನೇ ಕೊಡ. ಸೊಂಟ ಹಿಡಿದು ನಿಂತವಳ ಕೈಯಿಂದ ಕೊಡ ಇಸಿದುಕೊಂಡು ಐದನೆಯದು ನಾನು ತುಂಬಿದೆ.